ದೊಡ್ಡ ಮೊಟ್ಟೆ ಬೇಗ ಒಡೆಯುವುದೇಕೆ? ಕೋಳಿಯ ವಯಸ್ಸು, ಸಾಕುವ ರೀತಿ ಮತ್ತು ಮೊಟ್ಟೆಯ ಗುಣಮಟ್ಟ

ಒಂದೇ ಅಂಗಡಿಯ ಒಂದೇ ಟ್ರೇಯಿಂದ ತಂದ ಮೊಟ್ಟೆಗಳೂ ಒಂದೇ ಥರ ಇರುವುದಿಲ್ಲ. ಒಂದನ್ನು ಒಡೆದು ಬಾಣಲೆಗೆ ಹಾಕಿದರೆ ಹಳದಿ ಉಬ್ಬಿ ನಿಲ್ಲುತ್ತದೆ, ಬಿಳಿ ಭಾಗ ಅದರ ಸುತ್ತ ಗಟ್ಟಿಯಾಗಿ ಕೂರುತ್ತದೆ. ಇನ್ನೊಂದು ನೀರಿನಂತೆ ಹರಡಿಕೊಳ್ಳುತ್ತದೆ. ಮತ್ತೊಂದು ಮನೆ ಮುಟ್ಟುವ ಮೊದಲೇ ಚೀಲದಲ್ಲಿ ಬಿರುಕು ಬಿಟ್ಟಿರುತ್ತದೆ.

ಇತ್ತ ಸೂಪರ್ ಮಾರ್ಕೆಟ್‌ಗಳಲ್ಲಿ ಕಂದು ಮೊಟ್ಟೆ, 'ಕೇಜ್ ಫ್ರೀ' ಮೊಟ್ಟೆ ಎಂದು ಹೆಚ್ಚು ಬೆಲೆಯ ಡಬ್ಬಿಗಳು ಸಾಲಾಗಿ ಕೂತಿವೆ. ಹೆಚ್ಚು ಹಣ ಕೊಟ್ಟರೆ ನಿಜಕ್ಕೂ ಒಳ್ಳೆಯ ಮೊಟ್ಟೆ ಸಿಗುತ್ತದೆಯೇ? ಇದಕ್ಕೆ ಉತ್ತರ ಬೇಕಿದ್ದರೆ ಮೊಟ್ಟೆ ಇಟ್ಟ ಕೋಳಿಯ ವಯಸ್ಸು, ಅದನ್ನು ಸಾಕಿದ ರೀತಿ ಮತ್ತು ಮೊಟ್ಟೆ ಇಟ್ಟ ನಂತರ ಕಳೆದ ದಿನಗಳು, ಈ ಮೂರನ್ನೂ ನೋಡಬೇಕು.

ವಯಸ್ಸಾದಂತೆ ಮೊಟ್ಟೆ ದೊಡ್ಡದು, ಚಿಪ್ಪು ತೆಳು

ಫಾರಂಗಳಲ್ಲಿ ಸಾಕುವ ಕೋಳಿ ಸಾಮಾನ್ಯವಾಗಿ 18ರಿಂದ 20 ವಾರಕ್ಕೆ ಮೊಟ್ಟೆ ಇಡಲು ಶುರು ಮಾಡುತ್ತದೆ. ಮೊದಲ ಮೊಟ್ಟೆಗಳು ಚಿಕ್ಕವು, ಆದರೆ ಚಿಪ್ಪು ಗಟ್ಟಿ. ಎಳೆಯ ಕೋಳಿಯ ದೇಹ ಇನ್ನೂ ಲಯಕ್ಕೆ ಬಂದಿರುವುದಿಲ್ಲ. ಹಾಗಾಗಿ ಎರಡು ಹಳದಿಯ ಮೊಟ್ಟೆಗಳು ಈ ಹಂತದಲ್ಲೇ ಹೆಚ್ಚು. 25ರಿಂದ 30 ವಾರದ ಹೊತ್ತಿಗೆ ಇಳುವರಿ ಉತ್ತುಂಗ ಮುಟ್ಟುತ್ತದೆ.

ಅಲ್ಲಿಂದ ಮುಂದೆ ಮೊಟ್ಟೆಯ ಸಂಖ್ಯೆ ನಿಧಾನವಾಗಿ ಇಳಿಯುತ್ತದೆ, ಗಾತ್ರ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಸಮಸ್ಯೆ ಇರುವುದು ಇಲ್ಲೇ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೊಟ್ಟೆ ದೊಡ್ಡದಾದಷ್ಟೇ ಪ್ರಮಾಣದಲ್ಲಿ ಚಿಪ್ಪಿನ ವಸ್ತು ಹೆಚ್ಚುವುದಿಲ್ಲ. ಸಣ್ಣ ಬಲೂನನ್ನು ಇನ್ನಷ್ಟು ಊದಿದಾಗ ರಬ್ಬರ್ ತೆಳುವಾಗುವಂತೆ, ಹೆಚ್ಚುಕಡಿಮೆ ಅಷ್ಟೇ ಸುಣ್ಣ ದೊಡ್ಡ ಮೊಟ್ಟೆಯ ಮೇಲೆ ಹರಡಿಕೊಳ್ಳುತ್ತದೆ. ಜೊತೆಗೆ ವಯಸ್ಸಾದ ಕೋಳಿಯ ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ಟ್ರೇಯಲ್ಲಿ ಅತಿ ದೊಡ್ಡದಾಗಿ ಕಾಣುವ ಮೊಟ್ಟೆ ಸುಲಭವಾಗಿ ಬಿರುಕು ಬಿಡುತ್ತದೆ. ಕಂದು ಮೊಟ್ಟೆಯ ಬಣ್ಣ ಮಂಕಾಗುವುದಕ್ಕೂ ವಯಸ್ಸು ಒಂದು ಕಾರಣ.

ಬಿಳಿ ಭಾಗ ನೀರಾಗುವುದು ಯಾಕೆ?

ಬಿಳಿ ಭಾಗದ ಗಟ್ಟಿತನವನ್ನು ಅಳೆಯಲು 'ಹಾ ಯೂನಿಟ್' ಎಂಬ ಮಾಪಕವಿದೆ. ಅಮೆರಿಕದ ರೇಮಂಡ್ ಹಾ 1937ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಮೊಟ್ಟೆಯನ್ನು ಸಮತಟ್ಟಾದ ಗಾಜಿನ ಮೇಲೆ ಒಡೆದು, ಗಟ್ಟಿ ಬಿಳಿಯ ಎತ್ತರವನ್ನು ಮೊಟ್ಟೆಯ ತೂಕದ ಜೊತೆ ಲೆಕ್ಕ ಹಾಕುತ್ತಾರೆ. ಅಂಕ ಹೆಚ್ಚಿದ್ದಷ್ಟೂ ಮೊಟ್ಟೆ ಉತ್ತಮ.

ಎಳೆಯ ಕೋಳಿಯ ತಾಜಾ ಮೊಟ್ಟೆಗೆ ಅಂಕ ಹೆಚ್ಚು, ವಯಸ್ಸಾದ ಕೋಳಿಯದಕ್ಕೆ ಕಡಿಮೆ. ಆದರೆ ಬೆಚ್ಚಗಿನ ಜಾಗದಲ್ಲಿ ದಿನಗಟ್ಟಲೆ ಇಟ್ಟರೆ ಯಾವ ಕೋಳಿಯ ಮೊಟ್ಟೆಯಾದರೂ ಬೇಗ ಕೆಳಗಿಳಿಯುತ್ತದೆ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್ ಮತ್ತು ತೇವಾಂಶ ಹೊರಹೋಗುತ್ತವೆ, ಬಿಳಿ ಭಾಗ ಕ್ಷಾರೀಯವಾಗಿ ನೀರಾಗುತ್ತದೆ.

ಊರು ಬಿಟ್ಟು ಮಹಾನಗರಗಳಲ್ಲಿ ಇರುವವರಿಗೆ ಇದು ಮುಖ್ಯ. ಮುಂಬೈ, ಪುಣೆ, ಚೆನ್ನೈ, ದೆಹಲಿಯ ಅಂಗಡಿಗೆ ಬರುವ ಮೊಟ್ಟೆ ನಾಮಕ್ಕಲ್, ಹೈದರಾಬಾದ್ ಅಥವಾ ಹೊಸಪೇಟೆಯಂಥ ದೂರದ ಕೇಂದ್ರದಿಂದ ಲಾರಿಯಲ್ಲಿ ಬಂದಿರಬಹುದು. ಕೋಳಿ ಎಷ್ಟೇ ಎಳೆಯದಿದ್ದರೂ ಬಿಸಿಲಲ್ಲಿ ಕಳೆದ ದಿನಗಳು ಅದರ ಲಾಭವನ್ನು ಅಳಿಸಿಹಾಕುತ್ತವೆ.

ಪಂಜರವೋ, ಬಯಲೋ?

ದೇಶದ ಫಾರಂ ಮೊಟ್ಟೆಗಳಲ್ಲಿ ಬಹುಪಾಲು ಬರುವುದು ತಂತಿ ಪಂಜರಗಳಿಂದ. ಪಂಜರದ ತಳ ಇಳಿಜಾರಾಗಿರುತ್ತದೆ. ಇಟ್ಟ ಮೊಟ್ಟೆ ತಕ್ಷಣ ಉರುಳಿ ಹೊರಬರುವುದರಿಂದ ಹಿಕ್ಕೆ ತಾಗುವುದು ಕಡಿಮೆ. ಆದರೆ ತಂತಿಗೆ ಬಡಿದು ಕೂದಲೆಳೆಯ ಬಿರುಕು ಬೀಳಬಹುದು, ಅದರಲ್ಲೂ ವಯಸ್ಸಾದ ಕೋಳಿಯ ತೆಳು ಚಿಪ್ಪಿನ ಮೊಟ್ಟೆಗೆ.

ನೆಲದ ಮೇಲೆ ಅಥವಾ ಬಯಲಲ್ಲಿ ಓಡಾಡುವ ಕೋಳಿಗೆ ಗೂಡಿನ ಪೆಟ್ಟಿಗೆ ಇಟ್ಟಿರುತ್ತಾರೆ. ಕೆಲವು ಕೋಳಿಗಳು ಅದರ ಹೊರಗೆ, ಹೊಟ್ಟಿನ ಮೇಲೆ ಮೊಟ್ಟೆ ಇಡುತ್ತವೆ. ಅಂಥವು ಕೊಳೆಯಾಗುವುದು ಹೆಚ್ಚು. ಬಿಸಿಲಿಗೆ ಮೈಯೊಡ್ಡುವ ಕೋಳಿಯ ಹಳದಿಯಲ್ಲಿ ವಿಟಮಿನ್ ಡಿ ಹೆಚ್ಚಿರುತ್ತದೆ. ಹಸಿರು, ಹುಳು ತಿಂದರೆ ಒಮೆಗಾ-3 ಕೊಬ್ಬೂ ಹೆಚ್ಚಬಹುದು. ಪ್ರೋಟೀನ್‌ನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನೆಲ ಕಲುಷಿತವಾಗಿದ್ದರೆ ಸೀಸದಂಥ ವಿಷವೂ ಮೊಟ್ಟೆಗೆ ಸೇರಬಹುದು. ಹಾಗಾಗಿ ಬಯಲಿನದು ಎಂದ ಮಾತ್ರಕ್ಕೆ ಎಲ್ಲವೂ ಶುದ್ಧ ಎನ್ನಲಾಗದು.

ಬೇಸಿಗೆಯಲ್ಲಿ ಪಂಜರ, ಬಯಲು ಎರಡಕ್ಕೂ ಒಂದೇ ಕಷ್ಟ. ಬಿಸಿಲಿನ ಝಳಕ್ಕೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಕಡಿಮೆ ತಿನ್ನುತ್ತದೆ. ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಚಿಪ್ಪು ಕಟ್ಟಲು ಬೇಕಾದ ಕಚ್ಚಾವಸ್ತು ಸಾಲದಾಗುತ್ತದೆ. ಏಪ್ರಿಲ್, ಮೇನಲ್ಲಿ ಚಿಪ್ಪು ತೆಳುವಾಗುವುದು ಇದೇ ಕಾರಣಕ್ಕೆ. ಗಾಳಿಯಾಡುವ, ನೆರಳು ಮತ್ತು ತಣ್ಣೀರು ಇರುವ ಶೆಡ್ ಇಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಹಾಗಾದರೆ ಹೆಚ್ಚು ಬೆಲೆ ಯಾವುದಕ್ಕೆ?

ನಿಜವಾದ ವ್ಯತ್ಯಾಸ ಕೋಳಿಯ ಬದುಕಿನಲ್ಲಿದೆ. ಒಂದು ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂ.ಮೀ. ಸಾಂಪ್ರದಾಯಿಕ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಅದಕ್ಕಿಂತ ಕಡಿಮೆ. ರೆಕ್ಕೆ ಬಿಚ್ಚಲೂ ಆಗದು. ಯುರೋಪಿಯನ್ ಒಕ್ಕೂಟ ಇಂಥ ಪಂಜರಗಳನ್ನು 2012ರ ಜನವರಿಯಿಂದ ನಿಷೇಧಿಸಿದೆ. ಅಲ್ಲಿ ಮೊಟ್ಟೆಯ ಮೇಲಿನ ಅಂಕಿಯೇ ಸಾಕುವ ರೀತಿಯನ್ನು ಹೇಳುತ್ತದೆ: 0 ಸಾವಯವ, 1 ಬಯಲು, 2 ಶೆಡ್‌ನ ನೆಲ, 3 ಪಂಜರ. ಭಾರತದಲ್ಲಿ ಕಾನೂನು ಆಯೋಗ 2017ರ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿಗಳ ಸಾಕಣೆಗೆ ಕರಡು ನಿಯಮಗಳನ್ನು ಸೂಚಿಸಿತ್ತು. ಆದರೆ ಬಿಡಿಯಾಗಿ ಕೊಳ್ಳುವ ಮೊಟ್ಟೆಯ ಮೇಲೆ ಇಲ್ಲಿ ಅಂಥ ಗುರುತೇನೂ ಇರುವುದಿಲ್ಲ.

ಬಣ್ಣ ನೋಡಿ ಮಾತ್ರ ಮೋಸ ಹೋಗಬೇಡಿ. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ. ಕಂದು ಮೊಟ್ಟೆ ಎಂದರೆ ನಾಟಿ ಮೊಟ್ಟೆ ಎಂದಲ್ಲ, ಪಂಜರದ ಕೋಳಿಯೂ ಕಂದು ಮೊಟ್ಟೆ ಇಡುತ್ತದೆ. ಕಡು ಹಳದಿಯೂ ಮೇವಿನ ಮಹಿಮೆ. ಮೆಕ್ಕೆಜೋಳ ಅಥವಾ ಚೆಂಡುಹೂವಿನ ಸಾರ ಸೇರಿಸಿದರೆ ಆ ಬಣ್ಣ ಬರುತ್ತದೆ.

ಕೊಳ್ಳುವಾಗ ಇಷ್ಟು ನೋಡಿ

* ಡಬ್ಬಿಯ ಮೇಲೆ ಪ್ಯಾಕ್ ಮಾಡಿದ ದಿನಾಂಕ ಓದಿ. ಬಿಡಿ ಮೊಟ್ಟೆಯಾದರೆ ಬೇಗ ಖಾಲಿಯಾಗುವ, ನೆರಳಲ್ಲಿ ಇಡುವ ಅಂಗಡಿಯೇ ಮೇಲು.
* ಅತಿ ದೊಡ್ಡದಕ್ಕಿಂತ ಮಧ್ಯಮ ಗಾತ್ರದ, ನಯವಾದ ಚಿಪ್ಪಿನ ಮೊಟ್ಟೆ ಆರಿಸಿ.
* ಬಿರುಕು ಬಿಟ್ಟದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೆ ಅದು ತೆರೆದ ಬಾಗಿಲು.
* ತಂದ ಕೂಡಲೇ ತೊಳೆದಿಡಬೇಡಿ, ಚಿಪ್ಪಿನ ಮೇಲಿನ ರಕ್ಷಣಾ ಪದರ ಹೋಗುತ್ತದೆ. ಹಾಗೆಯೇ ಫ್ರಿಜ್‌ನಲ್ಲಿಡಿ, ಬಳಸುವ ಮುನ್ನ ತೊಳೆದರೆ ಸಾಕು.
* ನೀರಿಗೆ ಹಾಕಿದಾಗ ತಳದಲ್ಲಿ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳತು, ತೇಲಿದರೆ ಬಹಳ ಹಳೆಯದು.

ಕೋಳಿ ನೆಮ್ಮದಿಯಿಂದ ಓಡಾಡಲಿ ಎಂದು ಹೆಚ್ಚು ಹಣ ಕೊಡುವುದಾದರೆ ಅದಕ್ಕೆ ಅರ್ಥವಿದೆ. ಬರೀ ಬಣ್ಣ, ಗಾತ್ರ ನೋಡಿ ಕೊಟ್ಟರೆ ತಟ್ಟೆಯಲ್ಲಿ ಕಾಣುವ ಲಾಭ ಕಡಿಮೆ.