ಚಾರ್ಮಾಡಿ ಏರುವುದು ಕಷ್ಟವಲ್ಲ, ಹೊಗೆಯ ಲೆಕ್ಕ ಕೊಡುವುದೇ ಕಷ್ಟ
ಭೂಮಿಯನ್ನು ಬಿಸಿ ಮಾಡದ ಕಾರು ಎಷ್ಟು ಹತ್ತಿರ ಬಂದಿದೆ?

ಚಾರ್ಮಾಡಿ: 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಾಟಿಯ ಗುಡ್ಡಗಳು ಅಲ್ಲಲ್ಲಿ ಜರಿದು ರಸ್ತೆಯ ಮೇಲೆ ಬಿದ್ದವು. ಮಂಗಳೂರನ್ನು ಬೆಳ್ತಂಗಡಿ, ಉಜಿರೆ ಮಾರ್ಗವಾಗಿ ಕೊಟ್ಟಿಗೆಹಾರ, ಮೂಡಿಗೆರೆಗಳಿಗೆ ಜೋಡಿಸುವ ಈ ಹೆದ್ದಾರಿಯಲ್ಲಿ ಸಂಚಾರ ನಿಂತುಹೋಯಿತು. ಮೃತ್ಯುಂಜಯ ನದಿ ಉಕ್ಕಿ ತಪ್ಪಲಿನ ಮನೆ, ತೋಟಗಳಿಗೆ ನುಗ್ಗಿತು. ರಸ್ತೆ ಮತ್ತೆ ತೆರೆದ ಮೇಲೂ ಭಾರೀ ವಾಹನಗಳಿಗೆ ಬಹುಕಾಲ ಪ್ರವೇಶ ದೊರೆಯಲಿಲ್ಲ.

ಒಂದು ವರ್ಷದ ಒಂದು ಮಳೆಯನ್ನು ಹಿಡಿದು ಜಾಗತಿಕ ತಾಪಮಾನ ಏರಿಕೆಯೇ ಇದಕ್ಕೆ ಕಾರಣವೆಂದು ತೀರ್ಪು ನೀಡುವುದು ಅವಸರದ ಮಾತಾದೀತು. ಗುಡ್ಡ ಕಡಿದು ರಸ್ತೆ ಮಾಡಿದ ಬಗೆಯೂ ಲೆಕ್ಕಕ್ಕೆ ಬರಬೇಕು. ಆದರೆ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹೀಗಾಗಿ ಸುರಿಯುವಾಗ ಮಳೆ ಬಿರುಸಾಗುತ್ತದೆ ಎಂಬುದು ವಿಜ್ಞಾನಿಗಳ ನಡುವೆ ವಿವಾದವಿಲ್ಲದ ಸಂಗತಿ. ಗುಡ್ಡ ಜರಿಯುವ ಈ ರಸ್ತೆಯಲ್ಲೇ ನಿತ್ಯ ಸಾಗುವ ವಾಹನಗಳು ಆ ಬಿಸಿಗೆ ತಮ್ಮ ಪಾಲನ್ನು ಸೇರಿಸುತ್ತಿವೆ. ಈಚಿನ ವರ್ಷಗಳಲ್ಲಿ ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳೂ ರಾಜ್ಯದ ರಸ್ತೆಗಳಿಗೆ ಇಳಿದಿವೆ. ಅವುಗಳ ಹಿಂಭಾಗದಲ್ಲಿ ಹೊಗೆ ಕೊಳವೆಯೇ ಇಲ್ಲ. ಹಾಗೆಂದ ಮಾತ್ರಕ್ಕೆ ಅವು ಭೂಮಿಯನ್ನು ಬಿಸಿ ಮಾಡುವುದಿಲ್ಲವೇ?

ಘಾಟಿಯ ಲೆಕ್ಕ

ಮೊದಲಿಗೆ ಬಹಳ ಮಂದಿಯ ಅಳುಕು: ಇಂತಹ ಏರನ್ನು ಬ್ಯಾಟರಿ ಕಾರು ಏರಬಲ್ಲದೇ? ಏರಬಲ್ಲದು, ಅದೂ ಸಲೀಸಾಗಿ. ಪ್ರಯಾಣಿಕರೂ ಸೇರಿ 1,600 ಕೆ.ಜಿ. ತೂಗುವ ಕಾರು 25 ಕಿ.ಮೀ. ದಾರಿಯಲ್ಲಿ 700 ಮೀಟರ್ ಎತ್ತರಕ್ಕೆ ಹೋಗುತ್ತದೆಂದು ಇಟ್ಟುಕೊಳ್ಳೋಣ. ಆ ಭಾರವನ್ನು ಮೇಲಕ್ಕೆತ್ತಲು ಬೇಕಾದ ಶಕ್ತಿ ಸುಮಾರು 3 ಯೂನಿಟ್ ವಿದ್ಯುತ್ತಿಗೆ ಸಮ. ಚಕ್ರದ ಘರ್ಷಣೆ, ಗಾಳಿಯ ತಡೆ, ಮೋಟಾರಿನ ನಷ್ಟ ಎಲ್ಲವೂ ಸೇರಿದರೆ ಐದೂವರೆ ಯೂನಿಟ್ ಆಸುಪಾಸು. ಬ್ಯಾಟರಿಯ ಸಾಮರ್ಥ್ಯ 30 ಯೂನಿಟ್ ಆಗಿದ್ದರೆ ಅದರಲ್ಲಿ ಐದನೇ ಒಂದು ಪಾಲು ಮಾತ್ರ ಖರ್ಚು.

ಇಳಿಯುವಾಗಿನ ಕಥೆ ಇನ್ನೂ ಸ್ವಾರಸ್ಯಕರ. ಪೆಟ್ರೋಲ್ ಕಾರು ಘಾಟಿ ಇಳಿಯುವಾಗ ಏರುವಾಗ ಗಳಿಸಿದ್ದೆಲ್ಲವೂ ಬ್ರೇಕಿನಲ್ಲಿ, ಎಂಜಿನ್ನಿನಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತದೆ. ವಿದ್ಯುತ್ ಕಾರಿನಲ್ಲಿ ಮೋಟಾರೇ ಆಗ ಜನರೇಟರ್ ಆಗಿ ತಿರುಗಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಚಾರ್ಮಾಡಿಯಂತಹ ಇಳಿಜಾರಿನಲ್ಲಿ ಹೀಗೆ ಮರಳುವುದು ಸುಮಾರು ಒಂದು ಯೂನಿಟ್. ಜಾಹೀರಾತುಗಳು ಹೇಳುವಷ್ಟು ದೊಡ್ಡ ಲಾಭ ಇದಲ್ಲವಾದರೂ 25 ಕಿ.ಮೀ. ದಾರಿಯನ್ನು ಖರ್ಚಿಲ್ಲದೆ ಕ್ರಮಿಸಿ ಮೇಲಿಷ್ಟು ಉಳಿಸುವುದು ಸಣ್ಣ ಮಾತೂ ಅಲ್ಲ. ಆದರೆ ಕೊಟ್ಟಿಗೆಹಾರದ ಕಡೆ ಬ್ಯಾಟರಿಯನ್ನು ಭರ್ತಿ ಶೇ. 100 ತುಂಬಿಸಿ ಕೆಳಗಿಳಿದರೆ ಮರಳುವ ವಿದ್ಯುತ್ತಿಗೆ ಒಳಗೆ ಜಾಗವಿರುವುದಿಲ್ಲ. ಆಗ ಮೋಟಾರಿನ ತಡೆ ಕುಗ್ಗಿ ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಘಾಟಿ ಇಳಿಯುವವರು ಶೇ. 80-90ಕ್ಕೆ ನಿಲ್ಲಿಸುವುದು ಲೇಸು.

ಇದೆಲ್ಲ ಸಾಧ್ಯವಾದುದು ಇತ್ತೀಚೆಗೆ. ಬೆಂಗಳೂರಿನ ಮೈನಿ ಸಮೂಹದ ಚೇತನ್ ಮೈನಿ ರೂಪಿಸಿದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು ಸೀಸದ ಬ್ಯಾಟರಿ. ಒಮ್ಮೆ ತುಂಬಿದರೆ 80 ಕಿ.ಮೀ. ಓಟ. ಮಂಗಳೂರಿನಿಂದ ಹೊರಟರೆ ಘಾಟಿ ದಾಟಿ ಕೊಟ್ಟಿಗೆಹಾರ ಸೇರುವ ಮೊದಲೇ ಅದರ ಉಸಿರು ನಿಲ್ಲುತ್ತಿತ್ತು. ಜಿ-ವಿಜ್ ಎಂಬ ಹೆಸರಿನಲ್ಲಿ ಅದು ಲಂಡನ್ನಿನ ಬೀದಿಗಳಲ್ಲಿ ಓಡಾಡಿತು. ತವರಿನಲ್ಲಿ ಮಾತ್ರ ಕುತೂಹಲದ ವಸ್ತುವಾಗಿಯೇ ಉಳಿಯಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡಿತು. ಲಿಥಿಯಂ ಬ್ಯಾಟರಿ ಅಗ್ಗವಾಗುತ್ತ ಬಂದ ಮೇಲೆ, ಅಂದರೆ 2020ರ ಆರಂಭದಲ್ಲಿ ಟಾಟಾ ನೆಕ್ಸಾನ್‌ನ ವಿದ್ಯುತ್ ಮಾದರಿ ಬಂದ ಬಳಿಕವೇ, ಮಧ್ಯಮ ವರ್ಗ ಈ ಕಡೆ ಗಂಭೀರವಾಗಿ ನೋಡಿದ್ದು.

ಹೊಗೆ ಎಲ್ಲಿ ಹೋಯಿತು?

ಘಾಟಿಯ ಬುಡದ ಬೆಳ್ತಂಗಡಿಗೂ ತುದಿಯ ಮೂಡಿಗೆರೆಗೂ ವಿದ್ಯುತ್ ಕೊಡುವುದು ಒಂದೇ ಸಂಸ್ಥೆ, ಮೆಸ್ಕಾಂ. ಆದರೆ ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಊರಿಲ್ಲ. ಶರಾವತಿಯ ನೀರು, ಪಾವಗಡದ ಬಿಸಿಲು, ಕೈಗಾದ ಅಣು, ರಾಯಚೂರು ಹಾಗೂ ಬಳ್ಳಾರಿಯ ಕಲ್ಲಿದ್ದಲು, ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಉರಿಯುವ ವಿದೇಶಿ ಕಲ್ಲಿದ್ದಲು ಎಲ್ಲವೂ ಅದರಲ್ಲಿ ಬೆರೆತಿವೆ. 2013ರ ಕೊನೆಯಲ್ಲಿ ದಕ್ಷಿಣದ ವಿದ್ಯುತ್ ಜಾಲ ರಾಷ್ಟ್ರೀಯ ಜಾಲಕ್ಕೆ ಜೋಡಣೆಯಾದ ಮೇಲೆ ದೇಶದ ಯಾವ ಮೂಲೆಯ ವಿದ್ಯುತ್ತಾದರೂ ಇಲ್ಲಿಗೆ ತಲುಪಬಹುದು. ದೇಶದ ಒಟ್ಟು ವಿದ್ಯುತ್ತಿನಲ್ಲಿ ಹತ್ತರಲ್ಲಿ ಏಳು ಪಾಲು ಇಂದಿಗೂ ಕಲ್ಲಿದ್ದಲಿನದು. ಸರಾಸರಿ ಒಂದು ಯೂನಿಟ್ ಉತ್ಪಾದನೆಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ.

ಈಗ ಹೋಲಿಸಬಹುದು. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ. ಇಂಗಾಲದ ಡೈ ಆಕ್ಸೈಡ್. ಲೀಟರಿಗೆ 15 ಕಿ.ಮೀ. ಓಡುವ ಕಾರು ಪ್ರತಿ ಕಿಲೋಮೀಟರಿಗೆ ಸುಮಾರು 150 ಗ್ರಾಂ ಉಗುಳುತ್ತದೆ. ಕಚ್ಚಾತೈಲ ತೆಗೆದು, ಮಂಗಳೂರಿನ ಎಂಆರ್‌ಪಿಎಲ್‌ನಂತಹ ಸಂಸ್ಕರಣಾಗಾರದಲ್ಲಿ ಶುದ್ಧೀಕರಿಸಿ, ಬಂಕಿಗೆ ತರುವಷ್ಟರಲ್ಲಿ ಆಗುವ ಹೊಗೆ ಬೇರೆ. ನೂರು ಕಿ.ಮೀ.ಗೆ 15 ಯೂನಿಟ್ ಬಳಸುವ ವಿದ್ಯುತ್ ಕಾರಿನ ಹೆಸರಿಗೆ ಬೀಳುವುದು ಕಿಲೋಮೀಟರಿಗೆ 105 ಗ್ರಾಂ. ಹೊಗೆ ಇಲ್ಲವಾಗಿಲ್ಲ, ಕಾರಿನ ಹಿಂಭಾಗದಿಂದ ಎಲ್ಲೂರಿನ ಚಿಮಣಿಗೆ ಸ್ಥಳಾಂತರವಾಗಿದೆ, ಹೋಗುವ ದಾರಿಯಲ್ಲಿ ಮೂರನೇ ಒಂದು ಪಾಲು ಕಡಿಮೆಯಾಗಿದೆ.

ಬ್ಯಾಟರಿ ತಯಾರಿಕೆಯ ಸಾಲವೂ ಇದೆ. 30 ಯೂನಿಟ್‌ನ ಬ್ಯಾಟರಿ ತಯಾರಾಗುವಾಗಲೇ ಎರಡರಿಂದ ಮೂರು ಟನ್ ಇಂಗಾಲದ ಡೈ ಆಕ್ಸೈಡ್ ಹೊರಬಿದ್ದಿರುತ್ತದೆ. ಕಿಲೋಮೀಟರಿಗೆ 45-50 ಗ್ರಾಂ ಉಳಿತಾಯದಿಂದ ಈ ಸಾಲ ತೀರಲು 50 ಸಾವಿರ ಕಿ.ಮೀ. ಓಡಬೇಕು. ವರ್ಷಕ್ಕೆ 5 ಸಾವಿರ ಕಿ.ಮೀ. ಮಾತ್ರ ಓಡಿಸುವವರಿಗೆ ಹತ್ತು ವರ್ಷ ಹಿಡಿಯಿತು. ಅದೇ ಕಾರು ಮನೆಯ ಸೌರಫಲಕದ ವಿದ್ಯುತ್ತಿನಿಂದ ಓಡಿದರೆ 17-18 ಸಾವಿರ ಕಿ.ಮೀ.ಯಲ್ಲಿ ಸಾಲ ಚುಕ್ತಾ. ಲಿಥಿಯಂ ನಮ್ಮಲ್ಲೇ ಸಿಕ್ಕಿತೆಂಬ ಸುದ್ದಿ ಮಂಡ್ಯ ಜಿಲ್ಲೆಯ ಮಾರಲಗಲ್ಲದಿಂದ ಬಂದಿತ್ತು. 2021ರ ಅಂದಾಜಿನಂತೆ ಅಲ್ಲಿರುವುದು 1,600 ಟನ್, ಅಂದರೆ ಅತ್ಯಲ್ಪ.

ಯಾವಾಗ ತುಂಬಿಸಬೇಕು?

ನಗರವಾಸಿ ಓದುಗರು ಅಷ್ಟಾಗಿ ಗಮನಿಸದ ಸಂಗತಿ ಇದು. ಸಂಜೆ ಏಳಕ್ಕೆ ಮನೆಗೆ ಬಂದು ಕಾರನ್ನು ಪ್ಲಗ್ಗಿಗೆ ಹಾಕುವುದು ಸಹಜ ಅಭ್ಯಾಸ. ಆ ಹೊತ್ತಿಗೆ ಪಾವಗಡದಲ್ಲಿ ಬಿಸಿಲಿಲ್ಲ, ಮನೆಮನೆಯಲ್ಲಿ ದೀಪ, ಫ್ಯಾನು. ಹೆಚ್ಚುವರಿ ಬೇಡಿಕೆಯ ದೊಡ್ಡ ಪಾಲನ್ನು ಪೂರೈಸುವುದು ಕಲ್ಲಿದ್ದಲು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಸೌರ ವಿದ್ಯುತ್ ಹೇರಳವಾಗಿರುತ್ತದೆ. ಮಳೆಗಾಲದಲ್ಲಿ ಬಿಸಿಲು ಕುಗ್ಗಿದರೂ ಜಲಾಶಯ ತುಂಬಿರುತ್ತವೆ, ಗಾಳಿಯಂತ್ರಗಳೂ ಬಿರುಸಾಗಿ ತಿರುಗುತ್ತವೆ. ಹಾಗಾಗಿ ಮನೆಗಿಂತಲೂ ಕಚೇರಿ, ಕಾಲೇಜು, ದೇವಸ್ಥಾನದ ವಾಹನ ನಿಲುಗಡೆ ತಾಣಗಳಲ್ಲಿ ಚಾರ್ಜಿಂಗ್ ವ್ಯವಸ್ಥೆ ಇರುವುದು ಹೆಚ್ಚು ಉಪಯುಕ್ತ. ಧರ್ಮಸ್ಥಳಕ್ಕೆ ಬರುವ ಯಾತ್ರಿಕರ ಕಾರು ಮಧ್ಯಾಹ್ನ ಹೇಗೂ ಗಂಟೆಗಟ್ಟಲೆ ನಿಂತಿರುತ್ತದೆ.

ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ. 2024ರಲ್ಲಿ ಇಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು, ದೇಶದಲ್ಲೇ ಅಧಿಕ. ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇವೆ ಎಂಬುದು ಆ ಅಂಕಿಯ ಇನ್ನೊಂದು ಮುಖ.

ಬ್ಯಾಟರಿಯಲ್ಲದ ದಾರಿಗಳೂ ಇವೆ. ಬಿಡದಿಯಲ್ಲಿ ಕಾರ್ಖಾನೆ ಹೊಂದಿರುವ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 2022ರಲ್ಲಿ ಮಿರೈ ಎಂಬ ಹೈಡ್ರೋಜನ್ ಕಾರನ್ನು, 2023ರಲ್ಲಿ ಎಥೆನಾಲ್‌ನಿಂದ ಓಡುವ ಇನ್ನೋವಾ ಮಾದರಿಯನ್ನು ಪ್ರಯೋಗಾರ್ಥ ತೋರಿಸಿತು. ವಿದ್ಯುತ್ತಿನಿಂದ ಹೈಡ್ರೋಜನ್ ಮಾಡಿ, ಒತ್ತಡದಲ್ಲಿ ತುಂಬಿ, ಮತ್ತೆ ವಿದ್ಯುತ್ತಾಗಿಸುವಷ್ಟರಲ್ಲಿ ನೂರರಲ್ಲಿ ಮೂವತ್ತೋ ಮೂವತ್ತೈದೋ ಪಾಲು ಮಾತ್ರ ಚಕ್ರಕ್ಕೆ ತಲುಪುತ್ತದೆ; ಬ್ಯಾಟರಿಯಲ್ಲಾದರೆ ಎಪ್ಪತ್ತಕ್ಕೂ ಮಿಕ್ಕಿ. ಎಥೆನಾಲ್‌ಗೆ ಬೇಕಾದ ಕಬ್ಬು ನೀರನ್ನು ಬೇಡುತ್ತದೆ. ಸದ್ಯಕ್ಕೆ ಕಾರಿನ ಮಟ್ಟಿಗೆ ಬ್ಯಾಟರಿಯೇ ಮುಂದಿದೆ.

ಬಸ್ಸಿನ ಪಾಲು

ಕೊನೆಯದಾಗಿ, ಕಾರು ಕಂಪನಿಗಳು ಮಾಡದ ಒಂದು ಹೋಲಿಕೆ. ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈ ಆಕ್ಸೈಡ್. ಲೀಟರಿಗೆ 4 ಕಿ.ಮೀ. ಓಡುವ ಬಸ್ಸಿನಲ್ಲಿ 50 ಮಂದಿ ಇದ್ದರೆ ಪ್ರತಿಯೊಬ್ಬರ ಪಾಲಿಗೆ ಕಿಲೋಮೀಟರಿಗೆ 13-14 ಗ್ರಾಂ. ಅರ್ಧ ತುಂಬಿದ್ದರೂ 27 ಗ್ರಾಂ. ಒಬ್ಬರೇ ಕುಳಿತ ವಿದ್ಯುತ್ ಕಾರಿನದು, ಮೇಲೆ ಹೇಳಿದಂತೆ, 105. ಉಜಿರೆಯಿಂದ ಮೂಡಿಗೆರೆಗೆ ಹೊರಟ ಹಳೆಯ ಕೆಂಪು ಬಸ್ಸು ಹೊಗೆ ಬಿಡುತ್ತ ಏದುಸಿರಿನಿಂದ ಏರುವುದನ್ನು ಕಂಡು ಹಸಿರು ಫಲಕದವರು ಮೂಗು ಮುಚ್ಚಿಕೊಳ್ಳುವುದುಂಟು. ಲೆಕ್ಕ ಬಸ್ಸಿನ ಪರವಾಗಿದೆ.

ಆ ಬಸ್ಸೂ ವಿದ್ಯುತ್ತಿನದಾದರೆ? ಕೆಎಸ್‌ಆರ್‌ಟಿಸಿ 2023ರ ಆರಂಭದಿಂದ ಬೆಂಗಳೂರು–ಮೈಸೂರು ನಡುವೆ ಇ-ಬಸ್ಸು ಓಡಿಸತೊಡಗಿತು. ಅದು ಘಾಟಿಯಿಲ್ಲದ ದಾರಿ. 18 ಟನ್ ತೂಕದ ಬಸ್ಸನ್ನು 700 ಮೀಟರ್ ಮೇಲಕ್ಕೆತ್ತಲು ಬೇಕಾಗುವುದು ಸುಮಾರು 34 ಯೂನಿಟ್, ನಷ್ಟಗಳೆಲ್ಲ ಸೇರಿದರೆ ಅದರ ಒಂದೂವರೆ ಪಟ್ಟೋ ಎರಡು ಪಟ್ಟೋ ಆದೀತು. ದೂರ ಸಂಚಾರದ ಇ-ಬಸ್ಸುಗಳಲ್ಲಿ 300 ಯೂನಿಟ್ ಆಸುಪಾಸಿನ ಬ್ಯಾಟರಿ ಇರುತ್ತದೆ. ಏರಿಗೆ ಬ್ಯಾಟರಿ ಸಾಲದು ಎಂಬ ಮಾತಿಗೆ ಆಧಾರವಿಲ್ಲ. ಬೇಕಾಗುವುದು ಧರ್ಮಸ್ಥಳ, ಮೂಡಿಗೆರೆಯಂತಹ ಡಿಪೋಗಳಲ್ಲಿ ಏಕಕಾಲಕ್ಕೆ ಹಲವು ಬಸ್ಸುಗಳನ್ನು, ಸಾಧ್ಯವಾದರೆ ಮಧ್ಯಾಹ್ನದ ಬಿಡುವಿನಲ್ಲಿಯೇ, ತುಂಬಿಸಬಲ್ಲ ಸಾಮರ್ಥ್ಯದ ವಿದ್ಯುತ್ ಸಂಪರ್ಕ.