ಕತ್ತು ಉಳಿಸಿದ ತಿರುವು

1895ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಒಂದು ವಿಚಿತ್ರ ಬಂಡಿ ಓಡತೊಡಗಿತು. ಪಾಲ್ ಬಾಯ್ಟನ್ ಎಂಬ ಹೆಸರಾಂತ ಈಜುಗಾರ ಕಡಲ ದಂಡೆಯಲ್ಲಿ ಬೇಲಿ ಹಾಕಿ, ಬಾಗಿಲಲ್ಲಿ ಕಾಸು ಪಡೆದು, ಸೀ ಲಯನ್ ಪಾರ್ಕ್ ಎಂಬ ಆಟದ ತೋಟ ತೆರೆದಿದ್ದ. ಅಲ್ಲಿ ಲೀನಾ ಬೀಚರ್ ಎಂಬಾತ ಕಟ್ಟಿದ 'ಫ್ಲಿಪ್ ಫ್ಲ್ಯಾಪ್' ಎಲ್ಲರ ಕಣ್ಣು ಸೆಳೆಯಿತು. ಇಬ್ಬರು ಕೂರುವ ಪುಟ್ಟ ಬಂಡಿ ಎತ್ತರದಿಂದ ಇಳಿಜಾರಿನಲ್ಲಿ ಧಾವಿಸಿ, ಸುಮಾರು 25 ಅಡಿ ಅಗಲದ ಗುಂಡನೆಯ ಸುತ್ತಿನೊಳಕ್ಕೆ ನುಗ್ಗಿ, ತಲೆಕೆಳಗಾಗಿ ಹಾದು ಆಚೆ ಬರುತ್ತಿತ್ತು. ನೋಡಿದವರು ಚಪ್ಪಾಳೆ ತಟ್ಟಿದರು. ಕೂತವರು ಕತ್ತು ಹಿಡಿದುಕೊಂಡು ಇಳಿದರು.

ಬಂಡಿ ಸುತ್ತನ್ನೇನೋ ದಾಟುತ್ತಿತ್ತು. ಆದರೂ ಬೆನ್ನು, ಕುತ್ತಿಗೆ ಹಿಡಿದುಕೊಂಡವರ ದೂರು ನಿಲ್ಲಲಿಲ್ಲ. ಸುತ್ತಿನ ಬಾಯಿಗೆ ಬಂಡಿ ತಾಗಿದ ಕ್ಷಣದಲ್ಲಿ ಕೂತವರ ಭಾರ ಹನ್ನೆರಡು ಪಟ್ಟು ಏರುತ್ತಿತ್ತೆಂದು ಆಮೇಲಿನವರು ಅಂದಾಜು ಮಾಡಿದರು. ಮನುಷ್ಯನ ತಲೆ ಸುಮಾರು 5 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಕತ್ತಿನ ಮೇಲೆ 60 ಕಿಲೋ ಬಂದು ಕೂರುತ್ತಿತ್ತು. ಬೀಚರನ ಕಾಲದಲ್ಲಿ ಅದನ್ನು ಅಳೆಯುವವರಿರಲಿಲ್ಲ. ಬಂಡಿ ಸುತ್ತು ಮುಗಿಸಿತೋ ಇಲ್ಲವೋ, ಕಟ್ಟುವವರ ಕಣ್ಣಿದ್ದದ್ದು ಅಷ್ಟರ ಮೇಲೆ ಮಾತ್ರ.

ಸುತ್ತು ಬೀಚರನ ಸ್ವಂತ ಕಲ್ಪನೆಯೂ ಆಗಿರಲಿಲ್ಲ. ಅರ್ಧ ಶತಮಾನದ ಹಿಂದೆ, 1846ರಲ್ಲಿ, ಪ್ಯಾರಿಸಿನ ಫ್ರಾಸ್ಕಾತಿ ಉದ್ಯಾನದಲ್ಲಿ ಅಂಥದೇ ಬಂಡಿ ಓಡಿತ್ತು. ಮನುಷ್ಯರನ್ನು ಕೂರಿಸುವ ಮೊದಲು ಮರಳಿನ ಮೂಟೆಗಳನ್ನೂ ಮಂಗಗಳನ್ನೂ ಕಳಿಸಿ ನೋಡಿದರೆಂಬ ಮಾತು ಉಳಿದುಬಂದಿದೆ. ಮೂಟೆ ಬೀಳದೆ ಬಂತು, ಮಂಗ ಬದುಕಿ ಬಂತು, ಪರೀಕ್ಷೆ ಮುಗಿಯಿತು. ಮೂಟೆಗೆ ಕತ್ತಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಫ್ಲಿಪ್ ಫ್ಲ್ಯಾಪ್ ಹೆಚ್ಚು ದಿನ ಬಾಳಲಿಲ್ಲ. 1902ರ ಹೊತ್ತಿಗೆ ಸೀ ಲಯನ್ ಪಾರ್ಕೇ ಮುಚ್ಚಿತು. ಅಷ್ಟರಲ್ಲಿ ಎಡ್ವಿನ್ ಪ್ರೆಸ್ಕಾಟ್ ಎಂಬ ಹಟವಾದಿ ಅದೇ ಕೋನಿ ದ್ವೀಪದಲ್ಲಿ ಮತ್ತೊಂದು ಸುತ್ತು ಎಬ್ಬಿಸಿದ್ದ. ತಪ್ಪಿದ್ದದ್ದು ಗುಂಡನೆಯ ಆಕಾರದಲ್ಲೇ ಎಂಬ ಗುಮಾನಿ ಅವನದು. 1901ರಲ್ಲಿ ತೆರೆದ ಅವನ 'ಲೂಪ್ ದ ಲೂಪ್' ಮೊಟ್ಟೆಯಂತೆ ಉದ್ದವಾಗಿತ್ತು. ಆಘಾತ ನಿಜವಾಗಿಯೂ ತಗ್ಗಿತು. ಕುತ್ತಿಗೆ ಉಳಿದರೂ ವ್ಯಾಪಾರ ಉಳಿಯಲಿಲ್ಲ. ಒಂದು ಸಲಕ್ಕೆ ನಾಲ್ಕೇ ಜನ ಕೂರಬಹುದಿತ್ತು, ಕೂರಲು ಧೈರ್ಯ ಮಾಡಿದವರಿಗಿಂತ ಕಾಸು ಕೊಟ್ಟು ನಿಂತು ನೋಡಿದವರೇ ಹೆಚ್ಚಾದರು. 1910ರ ಹೊತ್ತಿಗೆ ಅದನ್ನೂ ಕಿತ್ತುಹಾಕಿದರು. ಪ್ರೆಸ್ಕಾಟ್ ಬಾಗಿಲ ತನಕ ಬಂದಿದ್ದ, ಬೀಗದ ಕೈ ಸಿಕ್ಕಿರಲಿಲ್ಲ. ಆಕಾರ ಸ್ವಲ್ಪ ಬದಲಾದರೆ ನೋವು ಏಕೆ ತಗ್ಗುತ್ತದೆಂಬ ಲೆಕ್ಕ ಆಗ ಬರೆಯದೇ ಉಳಿಯಿತು.

ಆ ಹೊತ್ತಿನಲ್ಲಿ ಇತ್ತ ನಮ್ಮ ಬೆಂಗಳೂರಿನ ದಕ್ಷಿಣಕ್ಕೆ ಹನುಮಂತನಗರ ಎಂಬ ಬಡಾವಣೆ ಇನ್ನೂ ಹುಟ್ಟಿರಲಿಲ್ಲ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಪರಿಷೆಗೆ ಕಡಲೆಕಾಯಿ ತರುತ್ತಿದ್ದ ಗುಡ್ಡಗಾಡು ಅದು. ನಮ್ಮ ಜಾತ್ರೆ ಪರಿಷೆಗಳಿಗೂ ತಿರುಗುವ ಆಟ ಹೊಸದಲ್ಲ. ಕೈಯಲ್ಲಿ ತಿರುಗಿಸುವ ಮರದ ತೊಟ್ಟಿಲು ಮೊದಲು, ಆಮೇಲೆ ಮೋಟಾರಿನ ರಾಟೆ, ಕೊಲಂಬಸ್ ಹಡಗು. ರಾಟೆಯೂ ಮನುಷ್ಯನನ್ನು ಗುಂಡಾಗಿಯೇ ಸುತ್ತಿಸುತ್ತದೆ, ಆದರೆ ಕುತ್ತಿಗೆಗೆ ಏನೂ ಆಗುವುದಿಲ್ಲ. ನಿಮಿಷಕ್ಕೆ ನಾಲ್ಕು ಸುತ್ತು ಹಾಕುವ, ಐವತ್ತು ಅಡಿ ಎತ್ತರದ ರಾಟೆ ಕೂತವರ ಭಾರಕ್ಕೆ ಏಳರಲ್ಲೊಂದು ಪಾಲನ್ನಷ್ಟೇ ಕೂಡಿಸುತ್ತದೆ. ಹೊಟ್ಟೆ ಜುಂ ಎನ್ನಲು ಅಷ್ಟು ಸಾಕು. ಸುತ್ತೇ ಅಪಾಯವಲ್ಲ, ವೇಗ ಹೊತ್ತು ತಂದು ಥಟ್ಟನೆ ಸುತ್ತಿಸುವುದು ಅಪಾಯ. ಕೋನಿ ದ್ವೀಪದವರು ಸುತ್ತನ್ನೇ ಕೈಬಿಟ್ಟರು.

ಕೈಬಿಟ್ಟದ್ದು ಸುತ್ತನ್ನು ಮಾತ್ರ, ಆಟವನ್ನಲ್ಲ. ಬಂಡಿಗಳು ಇನ್ನೂ ಎತ್ತರ ಹತ್ತಿದವು, ಇನ್ನೂ ಕಡಿದಾಗಿ ಇಳಿದವು. ಈ ಗಲಾಟೆಯ ನಡುವೆ ಜಾನ್ ಮಿಲ್ಲರ್ ಎಂಬ ಸಂಶೋಧಕ ಸದ್ದಿಲ್ಲದೆ ಜೀವಗಳನ್ನು ಉಳಿಸಿದ. ಏರಿನಲ್ಲಿ ಸರಪಳಿ ಕಡಿದರೆ ಬಂಡಿ ಹಿಂದಕ್ಕೆ ಜಾರುತ್ತಿತ್ತು. ಮಿಲ್ಲರ್ ಹಳಿಯ ನಡುವೆ ಹಲ್ಲುಪಟ್ಟಿ ಹಾಕಿ, ಬಂಡಿಯ ಕೆಳಗೆ ಕೊಕ್ಕೆ ಕಟ್ಟಿದ. ಬಂಡಿ ಮೇಲೇರುವಾಗ ಇಂದಿಗೂ ಕೇಳುವ ಟಕ್ ಟಕ್ ಸದ್ದು ಆ ಕೊಕ್ಕೆ ಒಂದೊಂದೇ ಹಲ್ಲು ದಾಟುವ ಸದ್ದು. ಎಷ್ಟೋ ಜನ ಅದನ್ನು ಭಯ ಹುಟ್ಟಿಸಲು ಮಾಡಿದ ಏರ್ಪಾಡೆಂದು ತಿಳಿದಿದ್ದಾರೆ. ದಿಣ್ಣೆಯ ತುದಿಯಲ್ಲಿ ಬಂಡಿ ಹಳಿ ಬಿಟ್ಟು ಮೇಲೇಳುವ ಅಪಾಯ ಇನ್ನೊಂದು. 1919ರಲ್ಲಿ ಮಿಲ್ಲರ್ ಹಳಿಯ ಕೆಳಗಿನಿಂದಲೂ ಅಪ್ಪಿ ಹಿಡಿಯುವ ಗಾಲಿಗಳಿಗೆ ಪೇಟೆಂಟ್ ಪಡೆದ. ಇವತ್ತಿನ ಎಲ್ಲ ದೊಡ್ಡ ರೋಲರ್ ಕೋಸ್ಟರುಗಳೂ ಆ ಗಾಲಿಯ ಋಣದಲ್ಲಿವೆ.

ಬಂಡಿ ಹಳಿ ಬಿಡದಂತಾದ ಮೇಲೆ ಕಟ್ಟುವವರ ಧೈರ್ಯ ಮಿತಿಮೀರಿತು. 1927ರಲ್ಲಿ ಹ್ಯಾರಿ ಟ್ರಾವರ್ ಕೆನಡಾದ ಕ್ರಿಸ್ಟಲ್ ಬೀಚಿನಲ್ಲಿ 'ಸೈಕ್ಲೋನ್' ಕಟ್ಟಿದ. ಅದರಲ್ಲಿ ನೇರವಾದ ಹಳಿಯೇ ಇಲ್ಲವೆನ್ನುವಷ್ಟು ತಿರುವುಗಳಿದ್ದವು. ನಿಲ್ದಾಣದಲ್ಲಿ ಒಬ್ಬ ನರ್ಸನ್ನು ಕಾಯಂ ಆಗಿ ಇರಿಸಬೇಕಾಯಿತು. 1938ರಲ್ಲಿ ಒಬ್ಬ ಪ್ರಯಾಣಿಕ ಬಂಡಿಯಿಂದ ಎಸೆಯಲ್ಪಟ್ಟು ಸತ್ತ. 1946ರಲ್ಲಿ ಅದನ್ನು ಮುಚ್ಚಿದರು. ಹಳಿ ಗಟ್ಟಿ, ಗಾಲಿ ಗಟ್ಟಿ, ನಡುವೆ ಮೆತ್ತಗಿದ್ದವನು ಮನುಷ್ಯನೊಬ್ಬನೇ. ಅವನು ಎಷ್ಟು ತಾಳುತ್ತಾನೆಂದು ಆಟ ಕಟ್ಟುವವರಲ್ಲಿ ಯಾರೂ ಅಳೆದಿರಲಿಲ್ಲ.

ಅಳೆದವರು ವಿಮಾನದ ವೈದ್ಯರು. ಯುದ್ಧವಿಮಾನ ಥಟ್ಟನೆ ಮೇಲೆದ್ದಾಗ ಪೈಲಟ್‌ಗಳ ಕಣ್ಣು ಮಸುಕಾಗಿ, ಆಮೇಲೆ ಕತ್ತಲೆ ಕವಿಯುತ್ತಿತ್ತು. ಭಾರ ನಾಲ್ಕೈದು ಪಟ್ಟು ಏರಿ ಕೆಲವು ಸೆಕೆಂಡು ನಿಂತರೆ ತಲೆಯ ರಕ್ತ ಕಾಲಿಗಿಳಿಯುತ್ತದೆ, ಮೊದಲು ಕಣ್ಣು ಹೋಗುತ್ತದೆ, ಬಳಿಕ ಪ್ರಜ್ಞೆ. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟಾಪ್ ಪರೀಕ್ಷೆಗೆ ತನ್ನ ಮೈಯನ್ನೇ ಒಡ್ಡಿದ. 1954ರ ಡಿಸೆಂಬರ್ 10ರಂದು ರಾಕೆಟ್ ಕಟ್ಟಿದ ಬಂಡಿಯಲ್ಲಿ ಗಂಟೆಗೆ 1017 ಕಿಲೋಮೀಟರ್ ವೇಗದಲ್ಲಿ ಹೋಗಿ, 1.4 ಸೆಕೆಂಡಿನಲ್ಲಿ ನಿಂತ. ಅವನ ಮೇಲೆ ಬಿದ್ದದ್ದು 46 ಪಟ್ಟು ಭಾರ. ಕಣ್ಣಿಗೆ ರಕ್ತ ನುಗ್ಗಿ ಕೆಲಕಾಲ ಏನೂ ಕಾಣಲಿಲ್ಲ, ಆಮೇಲೆ ದೃಷ್ಟಿ ಮರಳಿತು. ಇದಕ್ಕೆ ಕೆಲವು ವರ್ಷ ಮೊದಲು, 1949ರಲ್ಲಿ, ಇಂಥದೇ ಒಂದು ಪರೀಕ್ಷೆಯಲ್ಲಿ ಅಳೆಯುವ ತಂತಿಗಳನ್ನೆಲ್ಲ ಯಾರೋ ತಲೆಕೆಳಗಾಗಿ ಜೋಡಿಸಿ ಅಳತೆಯೇ ಸಿಗದೆ ಹೋಗಿತ್ತು. ಅಲ್ಲಿದ್ದ ಎಂಜಿನಿಯರ್ ಎಡ್ವರ್ಡ್ ಮರ್ಫಿಯ ಹೆಸರು ತಪ್ಪಬಹುದಾದದ್ದು ತಪ್ಪಿಯೇ ತೀರುತ್ತದೆಂಬ ನಿಯಮಕ್ಕೆ ಅಂಟಿಕೊಂಡದ್ದು ಆಗಲೇ.

ಸ್ಟಾಪ್‌ನ ಹಟದಿಂದ ಎರಡು ವಿಷಯ ಖಚಿತವಾದವು. ಎದೆಯಿಂದ ಬೆನ್ನಿನ ದಿಕ್ಕಿಗೆ ಬೀಳುವ ಭಾರವನ್ನು ಮೈ ಬಹಳ ತಾಳುತ್ತದೆ, ತಲೆಯಿಂದ ಕಾಲಿಗೆ ಬೀಳುವುದನ್ನು ಕಡಿಮೆ ತಾಳುತ್ತದೆ. ಎಷ್ಟು ಭಾರ ಎಂಬುದರಷ್ಟೇ ಎಷ್ಟು ಹೊತ್ತು, ಎಷ್ಟು ಥಟ್ಟನೆ ಎಂಬುದೂ ಮುಖ್ಯ. ಇದೇ ವಿದ್ಯೆಗೆ 1957ರಲ್ಲಿ ಬೆಂಗಳೂರಿನಲ್ಲೂ ಒಂದು ನೆಲೆಯಾಯಿತು. ಇಂದು ಹಳೇ ವಿಮಾನನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಉದ್ದ ತೋಳಿನ ತುದಿಗೆ ಮನುಷ್ಯನನ್ನು ಕೂರಿಸಿ ಗರಗರ ಸುತ್ತಿಸುವ ಯಂತ್ರವಿದೆ. ಬಾಹ್ಯಾಕಾಶಕ್ಕೆ ಹೋಗುವ ಮುನ್ನ ರಾಕೇಶ್ ಶರ್ಮ ಪರೀಕ್ಷೆಗೆ ಒಳಗಾದದ್ದೂ, ಗಗನಯಾನಕ್ಕೆ ಪೈಲಟ್‌ಗಳನ್ನು ಆರಿಸಿದ್ದೂ ಇಲ್ಲೇ. ಫ್ಲಿಪ್ ಫ್ಲ್ಯಾಪಿನಲ್ಲಿ ಅಂಗಡಿಯವರು, ಗುಮಾಸ್ತರು, ಮಕ್ಕಳ ತಾಯಂದಿರು ಕೂತು ಅನುಭವಿಸಿದ್ದನ್ನು ಇಲ್ಲಿ ಆರಿಸಿ ತೆಗೆದ ಪೈಲಟ್‌ಗಳು ವೈದ್ಯರ ಕಣ್ಣೆದುರು ಅನುಭವಿಸುತ್ತಾರೆ.

ಅಷ್ಟರಲ್ಲಿ ಮರದ ಬಂಡಿಗಳ ಕಾಲ ಮುಗಿಯುತ್ತ ಬಂದಿತ್ತು. 1972ರ ಮೇ 30ರಂದು ಲಂಡನ್ನಿನ ಬ್ಯಾಟರ್ಸೀ ಪಾರ್ಕಿನಲ್ಲಿ 'ಬಿಗ್ ಡಿಪ್ಪರ್' ಏರು ಹತ್ತುವಾಗ ಎಳೆಯುವ ಹಗ್ಗದಿಂದ ಬಂಡಿ ಕಳಚಿತು. ಹಿಂದಕ್ಕೆ ಜಾರದಂತೆ ತಡೆಯಬೇಕಿದ್ದ ಬ್ರೇಕ್ ಹಿಡಿಯಲಿಲ್ಲ. ಬಂಡಿ ಹಿಮ್ಮುಖವಾಗಿ ನುಗ್ಗಿ ಅಪ್ಪಳಿಸಿತು. ಐವರು ಮಕ್ಕಳು ಸತ್ತರು. ಮಿಲ್ಲರ್ ಅರವತ್ತು ವರ್ಷ ಹಿಂದೆ ಬಿಡಿಸಿದ್ದ ಸಮಸ್ಯೆ ಅದು. ಬಿಡಿಸಿದ ಸಮಸ್ಯೆಯೂ ನೋಡಿಕೊಳ್ಳುವವರಿಲ್ಲದಿದ್ದರೆ ಮತ್ತೆ ಕೊಲ್ಲುತ್ತದೆ.

ಆಗ ಜರ್ಮನಿಯ ಬವೇರಿಯಾದಲ್ಲಿ ಇಬ್ಬರು ಬೇರೆಯೇ ದಾರಿ ಹಿಡಿದಿದ್ದರು. ಆಂಟನ್ ಶ್ವಾರ್ಟ್ಸ್‌ಕೋಫ್ ಬಂಡಿ ಕಟ್ಟುವ ಮನೆತನದವನು, ಕಬ್ಬಿಣ ಬಗ್ಗಿಸುವುದು ಅವನ ಕೈಗೆ ಹತ್ತಿದ ವಿದ್ಯೆ. ಕೈಯಿಂದ ಕಟ್ಟಿ ಕಣ್ಣಿನಿಂದ ಅಳೆಯುತ್ತಿದ್ದ ಅವನಿಗೆ 1963ರಲ್ಲಿ ವೆರ್ನರ್ ಸ್ಟೆಂಗೆಲ್ ಎಂಬ ಎಂಜಿನಿಯರ್ ಜೊತೆಯಾದ. ಸ್ಟೆಂಗೆಲ್ ನಂಬಿದ್ದು ಲೆಕ್ಕವನ್ನು. ಕೂತವನ ಮೈಮೇಲೆ ಹಳಿಯ ಪ್ರತಿ ಅಡಿಯಲ್ಲೂ ಎಷ್ಟು ಭಾರ ಬೀಳಬೇಕೆಂದು ಮೊದಲು ಬರೆದು, ಆಮೇಲೆ ಅದಕ್ಕೆ ತಕ್ಕ ಹಳಿ ಎಳೆಯಬೇಕು. ಅಲ್ಲಿಯವರೆಗೆ ಎಲ್ಲರೂ ಹಳಿ ಎಳೆದು, ಆಮೇಲೆ ಮನುಷ್ಯನನ್ನು ಕೂರಿಸುತ್ತಿದ್ದರು.

ಈ ತಿರುಗುಮುರುಗು ಎಲ್ಲವನ್ನೂ ಬದಲಿಸಿತು. ಬೀಚರನ ಸುತ್ತನ್ನು ಈ ಲೆಕ್ಕಕ್ಕೆ ಹಾಕಿದರೆ ಅಚ್ಚರಿಯ ಉತ್ತರ ಬರುತ್ತದೆ. ಗುಂಡನೆಯ ಸುತ್ತಿನ ತುದಿಯನ್ನು ಬಂಡಿ ಬೀಳದೆ ದಾಟಲು ಬೇಕಾದಷ್ಟೇ ವೇಗವಿದ್ದರೂ ಬುಡದಲ್ಲಿ ಕೂತವನ ಭಾರ ಆರು ಪಟ್ಟಾಗಲೇಬೇಕು. ಸುತ್ತು ಚಿಕ್ಕದಾದರೂ ಆರು, ಗುಡ್ಡದಷ್ಟು ದೊಡ್ಡದಾದರೂ ಆರು. ದೊಡ್ಡ ಸುತ್ತು ಕಟ್ಟಿ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ವೇಗ ಇನ್ನಷ್ಟು ಜಾಸ್ತಿಯಾದರೆ, ನೇರ ಹಳಿ ಒಮ್ಮೆಲೇ ಸುತ್ತಿಗೆ ತಿರುಗಿದರೆ, ಆರು ಹನ್ನೆರಡಾಗುವುದು ಕಷ್ಟವಲ್ಲ.

ಬಿಡುಗಡೆಯ ಗೆರೆ ಗಣಿತದ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಕಾಯುತ್ತಿತ್ತು. 1744ರಲ್ಲಿ ಆಯ್ಲರ್ ಅದನ್ನು ವಿವರಿಸಿದ್ದ. ಮುಂದೆ ಮುಂದೆ ಹೋದಂತೆ ಸಮನಾಗಿ ಬಿಗಿಯಾಗುತ್ತ ಸಾಗುವ ಕ್ಲೋಥಾಯ್ಡ್ ಎಂಬ ತಿರುವು ಅದು. ರೈಲಿನ ಎಂಜಿನಿಯರರು ಹತ್ತೊಂಬತ್ತನೆಯ ಶತಮಾನದಲ್ಲೇ ಇಂಥ ತಿರುವನ್ನು ಹಳಿಗೆ ಇಳಿಸಿದ್ದರು. ಮೈಸೂರಿನ ರೈಲು ತಿರುವು ಹಿಡಿಯುವಾಗ ಪ್ರಯಾಣಿಕ ಕಿಟಕಿಗೆ ಬಡಿಯದೆ ಕೂತಿರುವುದು ಈ ಬಗೆಯ ನಿಧಾನದ ತಿರುವಿನಿಂದ. ನೆಲದ ಮೇಲೆ ಮಲಗಿದ್ದ ಆ ತಿರುವನ್ನು ಸ್ಟೆಂಗೆಲ್ ಎಬ್ಬಿಸಿ ನಿಲ್ಲಿಸಿದ. 1976ರ ಮೇ 8ರಂದು ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಶ್ವಾರ್ಟ್ಸ್‌ಕೋಫ್ ಕಟ್ಟಿದ 'ರೆವಲ್ಯೂಷನ್' ತೆರೆಯಿತು. ಜನ ತಲೆಕೆಳಗಾಗಿ ಹೋಗಿ, ನಗುತ್ತ ಇಳಿದು, ಮತ್ತೆ ಸಾಲಿನಲ್ಲಿ ನಿಂತರು.

ಗುಟ್ಟು ಇಷ್ಟೇ. ಬುಡದಲ್ಲಿ ಬಂಡಿಯ ವೇಗ ಹೆಚ್ಚು, ಆದ್ದರಿಂದ ಅಲ್ಲಿ ತಿರುವು ವಿಶಾಲವಾಗಿರಬೇಕು. ಮೇಲೇರಿದಂತೆ ವೇಗ ತಗ್ಗುತ್ತದೆ, ಆದ್ದರಿಂದ ತುದಿಯಲ್ಲಿ ತಿರುವು ಬಿಗಿಯಾಗಬಹುದು. ಹೀಗೆ ಮಾಡಿದರೆ ಸುತ್ತು ಗುಂಡಗಿರದೆ ನೀರಿನ ಹನಿಯ ಆಕಾರ ತಾಳುತ್ತದೆ. ಭಾರ ಹಠಾತ್ತನೆ ಬಡಿಯದೆ ಮೆಲ್ಲನೆ ಏರಿ, ನಾಲ್ಕೈದು ಪಟ್ಟಿನೊಳಗೆ ಉಳಿದು, ಮೆಲ್ಲನೆ ಇಳಿಯುತ್ತದೆ. ಬಿಡದಿಯ ವಂಡರ್‌ಲಾದಲ್ಲಿರುವ 'ರಿಕಾಯಿಲ್' ಬಂಡಿಯ ಸುತ್ತನ್ನು ದೂರದಿಂದ ನೋಡಿದರೂ ಅದು ಗುಂಡಗಿಲ್ಲವೆಂಬುದು ಕಾಣುತ್ತದೆ.

ಸ್ಟೆಂಗೆಲ್‌ಗೆ 2005ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ಅವನದೇ ಲೆಕ್ಕದ, ಶ್ವಾರ್ಟ್ಸ್‌ಕೋಫ್ ಕಟ್ಟಿದ 'ಮೈಂಡ್‌ಬೆಂಡರ್' 1986ರ ಜೂನ್ 14ರಂದು ಕೆನಡಾದ ಎಡ್ಮಂಟನ್ನಿನಲ್ಲಿ ಮೂವರನ್ನು ಬಲಿ ತೆಗೆದುಕೊಂಡಿತು. ತಿರುವು ಸರಿಯಾಗಿಯೇ ಇತ್ತು. ಕೊನೆಯ ಬಂಡಿಯ ಗಾಲಿಗಳನ್ನು ಹಿಡಿದಿದ್ದ ಬೋಲ್ಟುಗಳು ಕಳಚಿದ್ದವು. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಲೋಲಕದಂತೆ ತೂಗುವ ಆಟದ ತೋಳೇ ಮುರಿದು ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಕುತ್ತಿಗೆಯ ಲೆಕ್ಕ ಬಿಡಿಸಿಯಾಗಿದೆ, ಬೋಲ್ಟಿನ ಲೆಕ್ಕವನ್ನು ಮಾತ್ರ ದಿನದಿನವೂ ಮಾಡಬೇಕು.

ದೊಡ್ಡ ಪಾರ್ಕುಗಳಲ್ಲಿ ಅದಕ್ಕೆ ಎಂಜಿನಿಯರರಿದ್ದಾರೆ. ಜಾತ್ರೆಯ ರಾಟೆಯನ್ನು ಬಿಚ್ಚಿ, ಲಾರಿಗೆ ಹೇರಿ, ಮುಂದಿನ ಊರಲ್ಲಿ ರಾತ್ರೋರಾತ್ರಿ ಮತ್ತೆ ಜೋಡಿಸುತ್ತಾರೆ, ಬೋಲ್ಟನ್ನು ಪ್ರತಿ ಸಲ ಬಿಚ್ಚುತ್ತಾರೆ, ಪ್ರತಿ ಸಲ ಬಿಗಿಯುತ್ತಾರೆ. ಹನುಮಂತನಗರ, ಗುಟ್ಟಹಳ್ಳಿ, ಗಾಂಧಿಬಜಾರಿನ ಮಕ್ಕಳೆಲ್ಲ ಕಡಲೆಕಾಯಿ ಪರಿಷೆಗೆ ಬರುವ ಬುಲ್ ಟೆಂಪಲ್ ರಸ್ತೆಯಲ್ಲೇ 1946ರಿಂದ ಬಿಎಂಎಸ್ ಎಂಜಿನಿಯರಿಂಗ್ ಕಾಲೇಜಿದೆ. ಕಾರ್ತಿಕದ ಕೊನೆಯ ಸೋಮವಾರಕ್ಕೆ ಮುಂಚೆ ಅಲ್ಲಿನ ಮೇಷ್ಟರು, ವಿದ್ಯಾರ್ಥಿಗಳು ಸ್ಪ್ಯಾನರ್ ಹಿಡಿದು ಪರಿಷೆಯ ಪ್ರತಿ ರಾಟೆ, ಪ್ರತಿ ತೊಟ್ಟಿಲ ಬೋಲ್ಟು, ಕಂಬಿ, ಬ್ರೇಕು ನೋಡಿ ಸಹಿ ಹಾಕಲಿ. ಸಹಿ ಬೀಳದ ರಾಟೆಗೆ ಅನುಮತಿ ಕೊಡಬಾರದು.