ರಾಗಮಾಲಾ ಚಿತ್ರಗಳು

ತೋಡಿ ರಾಗವನ್ನು ಕೇಳಿದವರು ನಮ್ಮಲ್ಲಿ ಅನೇಕರುಂಟು; ತೋಡಿಯನ್ನು ನೋಡಿದವರು ವಿರಳ. ರಾಜಸ್ಥಾನದ ಹಳೆಯ ಚಿತ್ರಗಳಲ್ಲಿ ಅವಳು ವೀಣೆಯನ್ನು ಹಿಡಿದು ವನದಲ್ಲಿ ನಿಂತಿರುವ ತರುಣಿ. ನಾದಕ್ಕೆ ಮರುಳಾದ ಜಿಂಕೆಗಳು ಅವಳ ಬಳಿ ಸೇರಿರುವುವು. ಹೀಗೆ ರಾಗಗಳಿಗೆ ರೂಪವಿತ್ತು ಬರೆದ ಚಿತ್ರಗಳ ಸರಣಿಗೆ ರಾಗಮಾಲೆಯೆಂದು ಹೆಸರು. ಸಾಮಾನ್ಯವಾಗಿ ಒಂದು ಮಾಲೆಯಲ್ಲಿ 36 ಚಿತ್ರಗಳು: ಪುರುಷರೂಪದ 6 ರಾಗಗಳು, ಒಬ್ಬೊಬ್ಬನಿಗೂ ಐವರಂತೆ 30 ರಾಗಿಣಿಯರು. ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಗಾರರು ರಾಗಪುತ್ರರನ್ನೂ ಸೇರಿಸಿ ಈ ಸಂಸಾರವನ್ನು ಇನ್ನಷ್ಟು ಬೆಳೆಸಿದರು.

ಚಿತ್ರಗಾರನು ರಾಗವನ್ನು ಕೇಳುತ್ತ ಸ್ವರಗಳನ್ನೇ ಬಣ್ಣಗಳಾಗಿ ಮಾರ್ಪಡಿಸಿದನೆಂದು ನಾವು ಭಾವಿಸುವುದು ಸಹಜ. ವಾಸ್ತವವು ಬೇರೆ. ಗಾನಕ್ಕೂ ಚಿತ್ರಕ್ಕೂ ನಡುವೆ ಕವಿಯೊಬ್ಬನು ನಿಂತಿರುವನು. ದೇವತೆಗಳಿಗೆ ಧ್ಯಾನಶ್ಲೋಕಗಳಿರುವಂತೆ ರಾಗಗಳಿಗೂ ಶಾಸ್ತ್ರಜ್ಞರು ಶ್ಲೋಕಗಳನ್ನು ರಚಿಸಿದರು. ಶಿವಗಂಗೆಯ ಸಮೀಪದ ಸಾತನೂರಿನವನಾಗಿ, ಉತ್ತರದ ಆಸ್ಥಾನಗಳಲ್ಲಿ ಮನ್ನಣೆ ಪಡೆದ ಪುಂಡರೀಕ ವಿಠ್ಠಲನು 16ನೆಯ ಶತಮಾನದಲ್ಲಿ ಬರೆದ ‘ರಾಗಮಾಲಾ’ ಗ್ರಂಥದಲ್ಲಿಯೂ ಇಂತಹ ವರ್ಣನೆಗಳಿವೆ. ಚಿತ್ರಗಾರರಿಗೆ ಆಧಾರವಾದುವು ಈ ಬಗೆಯ ಪದ್ಯಗಳು. ಎಷ್ಟೋ ಚಿತ್ರಗಳ ಮೇಲ್ಭಾಗದಲ್ಲಿ ಪದ್ಯವನ್ನೇ ಬರೆದಿರುವುದುಂಟು. ಕಾಶಿಯ ಬಳಿಯ ಚುನಾರಿನಲ್ಲಿ 1591ರಲ್ಲಿಯೂ, ಮೇವಾಡದ ಚಾವಂಡದಲ್ಲಿ 1605ರಲ್ಲಿಯೂ ಸಿದ್ಧವಾದ ಮಾಲೆಗಳು ತಮ್ಮ ಕಾಲವನ್ನು ತಾವೇ ಹೇಳುವುದರಿಂದ ವಿಶೇಷವಾಗಿ ಪ್ರಸಿದ್ಧವಾಗಿವೆ.

ಆದುದರಿಂದ ಚಿತ್ರದಲ್ಲಿ ಆರೋಹಣಾವರೋಹಣಗಳನ್ನು ಹುಡುಕುವುದು ವ್ಯರ್ಥ. ತೋಡಿಯನ್ನೇ ತೆಗೆದುಕೊಳ್ಳೋಣ. ಹಿಂದೂಸ್ತಾನಿ ಗಾಯಕರು ಇಂದು ತೋಡಿಯೆಂದು ಹಾಡುವುದರ ಸ್ವರಗಳು ನಮ್ಮ ಶುಭಪಂತುವರಾಳಿಯವು; ನಮ್ಮ ತೋಡಿಯ ಸ್ವರಗಳು ಅವರಲ್ಲಿ ಭೈರವಿಗೆ ಸಲ್ಲುವುವು. ಹೆಸರೊಂದೇ ಆದರೂ ಹಾಡುವ ಸ್ವರಗಳು ಬೇರೆಬೇರೆಯಾದುವು. ಜಿಂಕೆಗಳು ಮಾತ್ರ ನಿಂತಲ್ಲಿಯೇ ನಿಂತಿವೆ.

ಹಾಗಾದರೆ ಸಂಗೀತಪ್ರಿಯರಿಗೆ ಈ ಚಿತ್ರಗಳಿಂದ ಪ್ರಯೋಜನವೇನು? ರಾಗದ ವೇಳೆ, ಋತು, ರಸ, ಇವು ಅಲ್ಲಿ ದೊರೆಯುವುವು. ಮೇಘರಾಗದಲ್ಲಿ ಕಾರ್ಮೋಡದ ಕೆಳಗೆ ಕೃಷ್ಣನು ನರ್ತಿಸುವನು. ಲಲಿತದಲ್ಲಿ ಬೆಳಕು ಹರಿಯುವ ಹೊತ್ತು. ಮಲಗಿರುವ ನಾಯಿಕೆಯನ್ನು ಎಬ್ಬಿಸದೆ ನಾಯಕನು ಹೊರಟಿರುವನು, ಹೊರಟವನು ತಿರುಗಿ ನೋಡುತ್ತಿರುವನು. ದಕ್ಷಿಣದಲ್ಲಿ ನಾವು 17ನೆಯ ಶತಮಾನದ ವೆಂಕಟಮಖಿಯ ದಾರಿ ಹಿಡಿದು ರಾಗಗಳನ್ನು 72 ಮೇಳಗಳಲ್ಲಿ ವಿಂಗಡಿಸಿದೆವು. ಅದು ದೊಡ್ಡ ಸಾಧನೆಯೇ ಸರಿ. ಆದರೆ ಮೇಳವು ರಾಗದ ಕುಲವನ್ನು ಹೇಳೀತು, ಗುಣವನ್ನು ಹೇಳದು. ಮುಂದೊಮ್ಮೆ ಉಷಃಕಾಲದಲ್ಲಿ ಹಿಂದೂಸ್ತಾನಿ ಲಲಿತವನ್ನು ಕೇಳುವಾಗ ಸ್ವರಗಳನ್ನೆಣಿಸುವುದನ್ನು ತುಸು ನಿಲ್ಲಿಸಿ, ಬಾಗಿಲಲ್ಲಿ ತಿರುಗಿ ನೋಡುವ ಆ ನಾಯಕನನ್ನು ನೆನೆಯೋಣ.